ಉಪವಾಸದ ಅಡುಗೆಮನೆಯ ಗ್ರಾಂ ಅಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಅಡುಗೆಮನೆಗೆ ಬಂದವರು ಸಾಮಾನ್ಯವಾಗಿ ಮೊದಲು ಒಲೆ ಹಚ್ಚುತ್ತಾರೆ. ಈಕೆ ಮೊದಲು ಫ್ಯಾನ್ ಆರಿಸುತ್ತಾರೆ. ರಾತ್ರಿಯಿಡೀ ತಿರುಗಿದ ಗೋಡೆ ಫ್ಯಾನಿನ ರೆಕ್ಕೆಗಳು ಪೂರ್ತಿ ನಿಲ್ಲುವವರೆಗೂ ಕೈಕಟ್ಟಿಕೊಂಡು ಕಾಯುತ್ತಾರೆ. "ಗಾಳಿ ಇದ್ರೆ ತಕ್ಕಡಿ ಎರಡು ಗ್ರಾಂ ಸುಳ್ಳು ಹೇಳುತ್ತೆ," ಎನ್ನುತ್ತಾರೆ. ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೂರು ಗ್ರಾಮಿನ ಹಿತ್ತಾಳೆಯ ತೂಕದ ಬಟ್ಟನ್ನು ಬಿಚ್ಚಿ ತಕ್ಕಡಿಯ ಮೇಲಿಡುತ್ತಾರೆ. ಪುಟ್ಟ ಪರದೆಯ ಮೇಲೆ 200.0 ಮೂಡುತ್ತದೆ. "ಹೂಂ, ಎದ್ದಿದ್ದೀಯ," ಎಂದು ತಕ್ಕಡಿಗೆ ಹೇಳಿ ಕೈತೊಳೆಯಲು ಹೋಗುತ್ತಾರೆ.

ಐದೂವರೆಗೆ ಬಾಣಲೆಗೆ ಎಣ್ಣೆ ಬೀಳುತ್ತದೆ: ಹನ್ನೊಂದು ಗ್ರಾಂ. ಅದರಲ್ಲಿ ತರಕಾರಿ ಬಾಡಿಸಿ ತಟ್ಟೆಗೆ ಇಳಿಸಿದ ಮೇಲೂ ಬಾಣಲೆಯ ತಳದಲ್ಲಿ ಎಣ್ಣೆಯ ತೆಳುವಾದ ಪಸೆ ಉಳಿದಿರುತ್ತದೆ. ನಮ್ಮ ನಿಮ್ಮ ಮನೆಯಲ್ಲಾದರೆ ಅದು ಸಿಂಕಿಗೆ ಹೋಗುತ್ತದೆ. ಈಕೆ ಅದೇ ತಟ್ಟೆಗೆ ಸೇರಬೇಕಾದ ಬ್ರೆಡ್ಡಿನ ಚೂರಿನಿಂದ ತಳವನ್ನು ಸುತ್ತಲೂ ಒರೆಸುತ್ತಾರೆ, ಬಾಣಲೆಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ, ಇನ್ನೊಮ್ಮೆ ಒರೆಸುತ್ತಾರೆ. ಬ್ರೆಡ್ಡು ಅರವತ್ತೆರಡು ಗ್ರಾಂ ಇರಬೇಕು. ಅರವತ್ನಾಲ್ಕು ಇದ್ದರೆ ಕತ್ತರಿಯಿಂದ ಅಂಚು ಕತ್ತರಿಸುತ್ತಾರೆ, ದರ್ಜಿ ಬಟ್ಟೆ ಕತ್ತರಿಸಿದ ಹಾಗೆ. ಹೋಲಿಕೆ ಅವರದೇ. ಅವರ ಗಂಡ ದರ್ಜಿ.

ಇದು ಹೋಟೆಲಲ್ಲ, ಆಸ್ಪತ್ರೆಯ ಅಡುಗೆಮನೆಯೂ ಅಲ್ಲ. ಒಂದು ಸಂಶೋಧನಾ ಸಂಸ್ಥೆಯ ನೆಲಮಹಡಿಯ ಕೋಣೆ. ದಿನದ ಒಂದಷ್ಟು ಹೊತ್ತು ಮಾತ್ರ ತಿಂದು ಉಳಿದ ಹೊತ್ತೆಲ್ಲ ಹೊಟ್ಟೆಗೆ ಬಿಡುವು ಕೊಟ್ಟರೆ ರಕ್ತದೊತ್ತಡ, ಸಕ್ಕರೆ, ಕೊಬ್ಬು, ಒಟ್ಟಿನಲ್ಲಿ ಹೃದಯದ ಆರೋಗ್ಯ ಏನಾಗುತ್ತದೆ ಎಂಬುದನ್ನು ಇಲ್ಲಿ ನಾಲ್ಕು ವರ್ಷಗಳಿಂದ ಅಳೆಯುತ್ತಿದ್ದಾರೆ. ಉಪವಾಸದ ಅಧ್ಯಯನಕ್ಕೆ ಅಡುಗೆಯವರು ಯಾಕೆ ಎಂದು ಮೊದಲ ದಿನ ಇವರ ಗಂಡನೂ ಕೇಳಿದ್ದರಂತೆ. "ಉಪವಾಸ ಇರೋರಿಗೆ ಅಡುಗೆ ಮಾಡೋ ಕೆಲಸ ಸಿಕ್ಕಿದೆ ಅಂದೆ. ಬಿದ್ದು ಬಿದ್ದು ನಕ್ರು. 'ಸರಿ ಬಿಡು, ಬೋಳುತಲೆಯೋರಿಗೆ ಬಾಚಣಿಗೆ ಮಾರೋ ಕೆಲಸ ಖಾಲಿ ಇದ್ರೆ ನಂಗೂ ಹೇಳು' ಅಂದ್ರು."

ಉತ್ತರ ಸರಳ. ಉಪವಾಸ ಮಾಡುವವರು ಸಾಮಾನ್ಯವಾಗಿ ಕಡಿಮೆ ತಿನ್ನುತ್ತಾರೆ. ಕಡಿಮೆ ತಿಂದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಒತ್ತಡವೂ ಸಕ್ಕರೆಯೂ ಇಳಿಯುತ್ತವೆ. ಹಾಗಾದರೆ ಒಳ್ಳೆಯದಾದದ್ದು ಉಪವಾಸದಿಂದಲೋ, ಕಡಿಮೆ ತಿಂದದ್ದರಿಂದಲೋ? ಎರಡನ್ನೂ ಬಿಡಿಸಿ ನೋಡಲು ಒಂದೇ ದಾರಿ. ಎರಡು ಗುಂಪಿಗೂ ಅಷ್ಟೇ ಊಟ, ಅದೇ ಊಟ ಕೊಡಬೇಕು. ಗಡಿಯಾರವನ್ನು ಮಾತ್ರ ಬದಲಿಸಬೇಕು.

ಹಾಗಾಗಿ ಊಟದ ಹಾಲಿನಲ್ಲಿ ಎರಡು ಮೇಜುಗಳಿವೆ. 'ಬೇಗದ ಮೇಜಿ'ನ ಎಂಟು ಜನ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರೊಳಗೆ ಮೂರೂ ಊಟ ಮುಗಿಸುತ್ತಾರೆ. ಮುಂದಿನ ಹದಿನೆಂಟು ಗಂಟೆ ನೀರು ಬಿಟ್ಟು ಬೇರೇನಿಲ್ಲ. 'ನಿಧಾನದ ಮೇಜಿ'ನ ಎಂಟು ಜನ ಅದೇ ಮೂರು ಊಟವನ್ನು ರಾತ್ರಿ ಎಂಟರವರೆಗೆ ಹಂಚಿಕೊಂಡು ತಿನ್ನುತ್ತಾರೆ. ಹದಿನಾರು ಜನಕ್ಕೆ ಹದಿನಾರು ಅಳತೆ. ಪ್ರತಿಯೊಬ್ಬರ ಮೈಕಟ್ಟು, ಕೆಲಸ ನೋಡಿ, ತೂಕ ಏರಲೂಬಾರದು ಇಳಿಯಲೂಬಾರದು ಎನ್ನುವಂತೆ ಲೆಕ್ಕ ಹಾಕಿ ಬರೆದ ಚೀಟಿಗಳು ಗೋಡೆಯ ಮೇಲಿವೆ. ದಿನಕ್ಕೆ ನಲವತ್ತೆಂಟು ತಟ್ಟೆ. ಒಂದೊಂದರಲ್ಲಿ ಏಳು ಪದಾರ್ಥ. ಹೋಗುವಾಗ ಒಂದೊಂದು ಪದಾರ್ಥದ ತೂಕ, ಬಂದ ಮೇಲೆ ತಟ್ಟೆಯ ತೂಕ. ತಕ್ಕಡಿ ದಿನಕ್ಕೆ ಮುನ್ನೂರ ಎಂಬತ್ನಾಲ್ಕು ಸಲ ಉತ್ತರ ಕೊಡಬೇಕು. ಸಂಜೆಯ ಊಟವನ್ನೂ ಈಕೆಯೇ ತೂಗಿಟ್ಟು ಮೂರು ಗಂಟೆಗೆ ಮನೆಗೆ ಹೊರಡುತ್ತಾರೆ. ಬಿಸಿ ಮಾಡಿ ಕೊಡಲು ಇನ್ನೊಬ್ಬರು ಬರುತ್ತಾರೆ. ಊಟಕ್ಕೆ ಬರುವವರು ಇವರಿಗಿಟ್ಟ ಹೆಸರು 'ಗ್ರಾಂ ಅಕ್ಕ'.

ಗ್ರಾಂ ಅಕ್ಕ ಹುಟ್ಟಿನಿಂದ ಗ್ರಾಮಿನವರಲ್ಲ. ಏಳನೇ ತರಗತಿಗೆ ಓದು ನಿಂತಿತು. ಇಪ್ಪತ್ತೆರಡು ವರ್ಷ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆರುನೂರು ಜನಕ್ಕೆ ಕಣ್ಣಳತೆಯಲ್ಲಿ ಅಡುಗೆ ಮಾಡಿದವರು. ಉಪ್ಪಿಗೆ ಹಿಡಿ, ಎಣ್ಣೆಗೆ ಸುತ್ತು, ಅನ್ನಕ್ಕೆ ಸೌಟು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಆ ವರ್ಷಗಳ ಸುಟ್ಟ ಗುರುತುಗಳಿವೆ. ಎರಡೂ ಮಂಡಿ ನೋಯುತ್ತವೆ. ಕ್ಯಾಂಟೀನ್ ಮುಚ್ಚಿದ ಮೇಲೆ ಇಲ್ಲಿ ಸಂದರ್ಶನಕ್ಕೆ ಬಂದಾಗ, ಅಧ್ಯಯನ ನಡೆಸುವ ವೈದ್ಯೆ ಒಂದು ಪಾತ್ರೆ ಅನ್ನ ಮುಂದಿಟ್ಟು, ತಕ್ಕಡಿ ನೋಡದೆ ನೂರು ಗ್ರಾಂ ಬಡಿಸಿ ಎಂದರು. ಮೂರು ಸಲ ಬಡಿಸಿದರು: ತೊಂಬತ್ತೆಂಟು, ನೂರಾ ಒಂದು, ತೊಂಬತ್ತೊಂಬತ್ತು.

"ತಕ್ಕಡಿ ಕೆಟ್ಟಿದೆಯೇನೋ ಅಂತ ನಾನೇ ಇನ್ನೊಂದ್ಸಲ ತೂಗಿ ನೋಡ್ದೆ," ಎಂದು ವೈದ್ಯೆ ಈಗಲೂ ಬೆರಗಿನಿಂದ ನೆನೆಯುತ್ತಾರೆ. "ಆಮೇಲೆ ಹೇಳ್ದೆ, ಅಕ್ಕ, ಇದು ಅದ್ಭುತ, ಆದ್ರೆ ಇದನ್ನ ಇಲ್ಲಿ ಮರೆತುಬಿಡಬೇಕು ಅಂತ."

ಮರೆಯುವುದು ಕಲಿಯುವುದಕ್ಕಿಂತ ಕಷ್ಟವಾಯಿತು. ರುಚಿ ನೋಡುವಂತಿಲ್ಲ, ಒಂದು ಚಮಚ ನೋಡಿದರೂ ಯಾರದೋ ಊಟ ಕಡಿಮೆಯಾಗುತ್ತದೆ. ರುಚಿಗೆಂದೇ ಹದಿನೇಳನೆಯ ಪಾಲನ್ನು ಬೇರೆ ಬೇಯಿಸುತ್ತಾರೆ. ಸಣಕಲು ಮೈಯವರು ಬಂದು ನಿಂತರೆ ಒಂದು ತುತ್ತು ಜಾಸ್ತಿ ಹಾಕುವಂತಿಲ್ಲ. "ಮೊದಮೊದಲು ಎಡಗೈಯಲ್ಲಿ ಬಲಗೈ ಹಿಡ್ಕೊಂಡು ಬಡಿಸ್ತಿದ್ದೆ. ಇಲ್ಲಾಂದ್ರೆ ಅದು ತನ್ನಷ್ಟಕ್ಕೆ ಇನ್ನೊಂದ್ಸಲ ಪಾತ್ರೆಗೆ ಹೋಗೋದು."

ಈ ಸಂಸ್ಥೆಯ ಗೋಡೆಗಳಾಚೆ ಯಾರಿಗೂ ಗೊತ್ತಿರದ ಒಂದು ಘಟನೆ ನಡೆದದ್ದು ಅಧ್ಯಯನದ ಹದಿನಾಲ್ಕನೇ ವಾರದಲ್ಲಿ. ಎಂಟು ವಾರದ ಮೊದಲ ತಂಡ ಮುಗಿದಿತ್ತು. ಎರಡನೇ ತಂಡ ಆರನೇ ವಾರದಲ್ಲಿತ್ತು. ಬೇಗದ ಮೇಜಿನಲ್ಲಿ ಪವಾಡವೊಂದು ಕಾಣಿಸಿಕೊಂಡಿತ್ತು. ತೂಕ ಇಳಿಯಬಾರದೆಂದು ಲೆಕ್ಕ ಹಾಕಿ ಉಣಿಸುತ್ತಿದ್ದರೂ ಅವರ ತೂಕ ಇಳಿಯುತ್ತಿತ್ತು, ಸರಾಸರಿ ಒಂದೂವರೆ ಕಿಲೋ. ಆ ಮೇಜಿನ ಬಸ್ ಚಾಲಕರೊಬ್ಬರದಂತೂ ಎರಡೂವರೆ ಕಿಲೋ. ಒತ್ತಡ ಇಳಿದಿತ್ತು, ಸಕ್ಕರೆ ಇಳಿದಿತ್ತು. ನಿಧಾನದ ಮೇಜಿನವರು ಇದ್ದಲ್ಲೇ ಇದ್ದರು.

"ಯಂತ್ರಗಳನ್ನ ನೋಡಿದ್ವಿ, ಲೆಕ್ಕ ಮತ್ತೆ ಮಾಡಿದ್ವಿ," ಎನ್ನುತ್ತಾರೆ ವೈದ್ಯೆ. "ತಟ್ಟೆಗಳು ಖಾಲಿ ಬರ್ತಿದ್ವು. ಹಾಗಾದ್ರೆ ಉಪವಾಸದಲ್ಲಿ ದೇಹ ನಮಗೆ ಗೊತ್ತಿಲ್ಲದ ಏನನ್ನೋ ಮಾಡ್ತಿದೆ ಅಂದುಕೊಂಡ್ವಿ. ಹಾಗೆ ಅಂದುಕೊಳ್ಳೋಕೆ ನಮಗೆ ಇಷ್ಟಾನೂ ಇತ್ತು."

ಹಾಗೆ ಅಂದುಕೊಳ್ಳಲು ಎಲ್ಲರಿಗಿಂತ ಹೆಚ್ಚು ಇಷ್ಟವಿದ್ದದ್ದು ಗ್ರಾಂ ಅಕ್ಕನಿಗೆ. ದರ್ಜಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಬೆಳಿಗ್ಗೆ ಎರಡು ಮಾತ್ರೆ, ಸಂಜೆ ಒಂದು. ಮಾತ್ರೆಯೆಂದರೆ ಆತನಿಗೆ ಕಡುದ್ವೇಷ. ಬಸ್ ಚಾಲಕರ ಸುದ್ದಿ ಕೇಳಿದ ದಿನದಿಂದ ಮನೆಯಲ್ಲಿ ಒಂದೇ ಮಾತು. "ನಿಮ್ಮ ವರದಿ ಬರ್ಲಿ ಕಣೇ, ಈ ಡಬ್ಬಿ ಕಿಟಕಿಯಿಂದಾಚೆ ಎಸೀತೀನಿ. ಮಧ್ಯಾಹ್ನ ಎರಡಕ್ಕೆ ಬಾಯಿಗೆ ಬೀಗ, ಅಷ್ಟೇ." ಅಕ್ಕನೂ ತಲೆಯಾಡಿಸುತ್ತಿದ್ದರು. ಗಂಡನ ಕಾಯಿಲೆಗೆ ತನ್ನ ಅಡುಗೆಮನೆಯಲ್ಲೇ ಉತ್ತರ ಬೇಯುತ್ತಿದೆ ಎಂಬುದಕ್ಕಿಂತ ದೊಡ್ಡ ಸಂತೋಷ ಇನ್ನೇನಿದೆ?

ಅನುಮಾನ ಹುಟ್ಟಿದ್ದು ಟಿಶ್ಯೂ ಕಾಗದದಿಂದ. ಮೇಜಿಗೊಂದು ನೂರು ಹಾಳೆಯ ಪೊಟ್ಟಣ ಇಡುವುದು ರೂಢಿ. ನಿಧಾನದ ಮೇಜಿನ ಪೊಟ್ಟಣ ಮೂರು ದಿನ ಬಾಳಿದರೆ ಬೇಗದ ಮೇಜಿನದು ಒಂದೇ ದಿನಕ್ಕೆ ಖಾಲಿ. "ಒಂದೇ ಅಡುಗೆ, ಒಂದೇ ಎಣ್ಣೆ. ಇವ್ರ ಬಾಯಿ ಮಾತ್ರ ಮೂರು ಪಟ್ಟು ದೊಡ್ಡದಾ ಅಂತ ಯೋಚ್ನೆ ಮಾಡ್ದೆ."

ಒಂದು ಮಂಗಳವಾರ ಎರಡು ಗಂಟೆಗೆ ಬೇಗದ ಮೇಜಿನವರು ಎದ್ದುಹೋದ ಮೇಲೆ, ಅಕ್ಕ ಆ ಮೇಜಿನ ಪಕ್ಕದ ಕಸದ ಬುಟ್ಟಿಯ ಚೀಲವನ್ನು ಎತ್ತಿದರು. ಬರೀ ಕಾಗದವಿರಬೇಕಾದ ಚೀಲ ಕೈಯನ್ನು ಜಗ್ಗಿತು. ಅಡುಗೆಮನೆಗೆ ತಂದು ಫ್ಯಾನ್ ಆರಿಸಿ ತೂಗಿದರು: ಸಾವಿರದ ಮುನ್ನೂರ ಹನ್ನೆರಡು ಗ್ರಾಂ. ಒಂದೊಂದೇ ಮುದ್ದೆ ಬಿಚ್ಚಿದರು. ಆಲೂಗಡ್ಡೆ, ಮೊಟ್ಟೆಯ ಅರ್ಧ, ಒತ್ತಿ ಚಪ್ಪಟೆ ಮಾಡಿದ ಬ್ರೆಡ್ಡು, ಬೆಂದ ಕಾಳು. ಕಾಗದದ ತೂಕ ಎಂಬತ್ನಾಲ್ಕು ಗ್ರಾಂ ಕಳೆದರು, ಎಂಟರಿಂದ ಭಾಗಿಸಿದರು. ಒಬ್ಬೊಬ್ಬರದು ನೂರ ಐವತ್ಮೂರೂವರೆ ಗ್ರಾಂ. ಪವಾಡ ಅಲ್ಲಿತ್ತು, ಎಣ್ಣೆ ಹೀರಿದ ಕಾಗದದೊಳಗೆ.

ಆ ದಿನ ಅವರು ಯಾರಿಗೂ ಏನೂ ಹೇಳಲಿಲ್ಲ. ಚೀಲವನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಮನೆಗೆ ಹೋದರು. "ಸುಳ್ಳು ಯಾಕೆ ಹೇಳ್ಲಿ, ಎಸೆದುಬಿಡೋಣ ಅನ್ನಿಸ್ತು. ಎಸೆದ್ರೆ ಎಲ್ಲರೂ ಖುಷಿಯಾಗಿರ್ತಾರೆ. ಡಾಕ್ಟರಮ್ಮನೂ ಖುಷಿ, ಮನೆಯೋರೂ ಖುಷಿ. ಮನೆಗೆ ಹೋದೆ. ಇವ್ರು ಮಿಷಿನ್ ಮುಂದೆ ಕೂತು ಮಾತ್ರೆ ಡಬ್ಬಿ ತೋರಿಸಿ, 'ಇನ್ನು ಎಷ್ಟು ವಾರ ಇದರ ಋಣ?' ಅಂದ್ರು. ಆ ಮುಖ ನೋಡಿದ ಮೇಲೆ ಅನ್ನಿಸ್ತು, ನಾನು ಬಾಯಿ ಮುಚ್ಚಿಕೊಂಡ್ರೆ ಇವ್ರು ನಿಜವಾಗ್ಲೂ ಎಸೀತಾರಲ್ಲ. ಇವ್ರ ಥರ ಇನ್ನೆಷ್ಟು ಜನ ಎಸೀತಾರೋ."

ಮರುದಿನ ಎಂಟು ಗಂಟೆಗೆ ವೈದ್ಯೆಯ ಮೇಜಿನ ಮೇಲೆ ಆ ಚೀಲವಿತ್ತು, ಪಕ್ಕದಲ್ಲಿ ತೂಕ ಬರೆದ ಚೀಟಿ. ವೈದ್ಯೆ ಚೀಟಿ ಓದಿದರು, ಚೀಲ ನೋಡಿದರು, ಕುರ್ಚಿಯಲ್ಲಿ ಕುಳಿತರು. ಕೇಳಿದ್ದು ಒಂದೇ: "ಮೊದಲನೇ ತಂಡದಲ್ಲೂ ಇದೇ ನಡೆದಿತ್ತಾ?" ಅಕ್ಕ ಹೇಳಿದರು: "ಗೊತ್ತಿಲ್ಲ ಡಾಕ್ಟರಮ್ಮ. ಗೊತ್ತಿಲ್ಲ ಅನ್ನೋದೇ ತೊಂದ್ರೆ ಅಲ್ವಾ?"

ಹದಿನಾಲ್ಕು ವಾರಗಳ ಮಾಹಿತಿಯನ್ನು ಕೈಬಿಡಲಾಯಿತು. ತೂಗಿ, ಬೇಯಿಸಿ, ಬಡಿಸಿದ ನಾಲ್ಕು ಸಾವಿರದ ಏಳುನೂರ ನಾಲ್ಕು ಊಟಗಳು. ಅಡುಗೆ ಮಾಡಿದವರೇ ತಮ್ಮ ಅಷ್ಟೂ ದುಡಿಮೆಯನ್ನು ಹೀಗೆ ಅಳಿಸಿಹಾಕಿದ ಉದಾಹರಣೆ ಸಿಗುವುದು ಅಪರೂಪ.

ಬೇಗದ ಮೇಜಿನವರನ್ನು ಕೂರಿಸಿ ಕೇಳಿದಾಗ ಹೊರಬಿದ್ದ ಕಾರಣ ಇನ್ನೂ ವಿಚಿತ್ರವಾಗಿತ್ತು. ಅವರು ತೂಕ ಇಳಿಸಲು ಮೋಸ ಮಾಡಿರಲಿಲ್ಲ. ಇಡೀ ದಿನದ ಊಟವನ್ನು ಆರು ಗಂಟೆಯೊಳಗೆ ಹೊಟ್ಟೆಗೆ ಇಳಿಸುವುದು ಆಗದ ಮಾತಾಗಿತ್ತು. ಹನ್ನೊಂದರ ಊಟ ಕರಗುವ ಮೊದಲೇ ಒಂದೂವರೆಯ ತಟ್ಟೆ ಬರುತ್ತಿತ್ತು. ಬಿಡಬಹುದಿತ್ತು. ಬಿಡಲು ಸಂಕೋಚ ಅಡ್ಡ ಬಂದಿತ್ತು.

"ಅಕ್ಕಾ, ನೀವು ಬೆಳಿಗ್ಗೆ ಐದಕ್ಕೆ ಎದ್ದು ಬಂದು ಮಾಡಿರ್ತೀರ," ಎಂದರು ಬಸ್ ಚಾಲಕ, ತಲೆ ತಗ್ಗಿಸಿ. "ತಟ್ಟೆ ವಾಪಸ್ ಕೊಡೋ ಕಿಟಕೀಲಿ ನಿಂತು, ಖಾಲಿ ಇದ್ರೆ ಮುಖ ಅರಳಿಸ್ತೀರ. ಆ ಮುಖ ನೋಡ್ಕೊಂಡು ಅರ್ಧ ತಟ್ಟೆ ವಾಪಸ್ ಕೊಡೋಕೆ ಮನಸ್ಸೇ ಬರ್ಲಿಲ್ಲ."

ಪಕ್ಕದಲ್ಲಿದ್ದ ಗ್ರಂಥಾಲಯದ ಮೇಡಂ ಬಾಯಿಬಿಟ್ಟರು: "ನಾನು ಬುಟ್ಟಿಗೆ ಹಾಕಿಲ್ಲ, ದೇವರಾಣೆ. ಬ್ಯಾಗಲ್ಲಿ ತಗೊಂಡ್ಹೋಗಿ ನಾಯಿಗೆ ಹಾಕ್ತಿದ್ದೆ."

"ಹಂಗಾದ್ರೆ ನನ್ನ ಲೆಕ್ಕದಲ್ಲಿ ಅದೂ ತಪ್ಪು," ಎಂದು ಅಕ್ಕ ಹಣೆ ಚಚ್ಚಿಕೊಂಡರು. "ಎಂಟರಿಂದಲ್ಲ, ಏಳರಿಂದ ಭಾಗಿಸ್ಬೇಕಿತ್ತು! ನಾಯಿ ಹೇಗಿದೆ?"

"ದಪ್ಪಗಾಗಿದೆ."

"ಅದನ್ನೂ ತೂಕಕ್ಕೆ ಕರ್ಕೊಂಡು ಬರ್ಬೇಕಿತ್ತು ನೀವು."

ಎಲ್ಲರೂ ನಕ್ಕರಂತೆ. ಅಕ್ಕನೂ ನಕ್ಕರು, ಆದರೆ ಆ ಮಧ್ಯಾಹ್ನ ಪಾತ್ರೆಗಳ ಮುಂದೆ ಒಬ್ಬರೇ ಕೂತು ಕಣ್ಣೊರೆಸಿಕೊಂಡರು. ಸಂಶೋಧನೆಯನ್ನು ಕೆಡಿಸಿದ್ದು ಯಾರ ಕೆಟ್ಟ ಬುದ್ಧಿಯೂ ಅಲ್ಲ, ತನ್ನ ಅರಳಿದ ಮುಖ. ಇಪ್ಪತ್ತೆರಡು ವರ್ಷ ಅಡುಗೆಯವಳ ಸಂಪತ್ತಾಗಿದ್ದದ್ದು ಇಲ್ಲಿ ತೂಕಕ್ಕೆ ಸಿಗದ ದೋಷವಾಗಿತ್ತು. ಪ್ರಯೋಗಾಲಯದ ಪಾಠ ಓದಿದವರಿಗೆ ಗೊತ್ತು, ಅಳೆಯುವವರ ಇರುವಿಕೆಯೇ ಅಳತೆಯನ್ನು ಬದಲಿಸುವುದುಂಟು. ಓದದ ಈಕೆ ಅದನ್ನು ಕಸದ ಬುಟ್ಟಿಯಿಂದ ಕಲಿತರು.

ಅಧ್ಯಯನ ಮೊದಲಿಂದ ಶುರುವಾಯಿತು, ಹೊಸ ಜನರೊಂದಿಗೆ. ಊಟದ ಪಟ್ಟಿಯನ್ನು ವೈದ್ಯೆಯ ತಂಡದ ಜೊತೆ ಕೂತು ಅಕ್ಕ ಬದಲಿಸಿದರು. ನೀರು ತುಂಬಿದ ಸಾರಿನ ಬದಲು ಗಟ್ಟಿ ಪದಾರ್ಥ, ಬೇಯಿಸಿದ್ದರ ಬದಲು ಹುರಿದದ್ದು. ಶಕ್ತಿ ಅಷ್ಟೇ, ಹೊಟ್ಟೆಯಲ್ಲಿ ಹಿಡಿಯುವ ಜಾಗ ಕಡಿಮೆ. ಎರಡೂ ಮೇಜಿಗೆ ಅದೇ. ಟಿಶ್ಯೂ ಎಣಿಸಿ ಕೊಡುವುದು, ಎಣಿಸಿ ವಾಪಸ್ ತೆಗೆದುಕೊಳ್ಳುವುದು. ಬ್ಯಾಗುಗಳು ಹಾಲಿನ ಹೊರಗೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ತಂಡದ ಮೊದಲ ದಿನ ಅಕ್ಕ ಊಟದ ಹಾಲಿಗೆ ಬಂದು ನಿಂತು ಒಂದು ಪುಟ್ಟ ಭಾಷಣ ಮಾಡುತ್ತಾರೆ. ಅದನ್ನು ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಕೈ ಹಿಂದೆ ಕಟ್ಟಿಕೊಂಡು ಹೇಳುತ್ತಾರೆ: "ಆಗೋದಾದ್ರೆ ಪೂರ್ತಿ ತಿನ್ನಿ. ಆಗ್ಲಿಲ್ಲಾಂದ್ರೆ ತಟ್ಟೇಲೇ ಬಿಡಿ. ಬಿಟ್ರೆ ನಂಗೆ ಬೇಜಾರಿಲ್ಲ. ಮುಚ್ಚಿಟ್ರೆ ಬೇಜಾರು." ಆಮೇಲೆ, ತಟ್ಟೆ ವಾಪಸ್ ಬರುವ ಹೊತ್ತಿಗೆ ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದನ್ನು ರೂಢಿಸಿಕೊಂಡರು. ಮುಖ ಹೇಗೆ ಅರಳಿದರೂ ಗೋಡೆಗೆ ಮಾತ್ರ ಕಾಣಲಿ ಎಂದು.

ನಾಲ್ಕು ತಂಡ, ಅರವತ್ನಾಲ್ಕು ಜನ, ಹತ್ತು ಸಾವಿರದ ಏಳುನೂರ ಐವತ್ತೆರಡು ಊಟ. ಹದಿನೆಂಟು ಗಂಟೆಯ ಬಿಡುವಿನಲ್ಲಿ ದೇಹ ಏನು ಮಾಡುತ್ತದೆ ಎಂಬುದೇ ಒಂದು ಬೆರಗು. ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕರಗುತ್ತ ಬರುತ್ತದೆ. ಇನ್ಸುಲಿನ್ ಮಟ್ಟ ತಗ್ಗುತ್ತದೆ. ನಿಧಾನವಾಗಿ ದೇಹ ಕೊಬ್ಬಿನತ್ತ ಕೈಚಾಚುತ್ತದೆ. ಯಾರೂ ಹೇಳಿಕೊಡದೆ, ಯಾವ ಗದ್ದಲವೂ ಇಲ್ಲದೆ, ನಾವು ಮಲಗಿರುವಾಗಲೇ ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಬೀಗದ ಕೈ ಬದಲಾಗುತ್ತದೆ. ಈ ಬದಲಾವಣೆಗೆ ಎಷ್ಟು ಬೆಲೆ ಕಟ್ಟಬಹುದು ಎಂಬ ಪ್ರಶ್ನೆಗೆ ಕಳೆದ ತಿಂಗಳು ಪ್ರಕಟವಾದ ಇವರ ವರದಿ ಕೊಡುವ ಉತ್ತರ ಪವಾಡವಲ್ಲ. ತೂಕ: ಎರಡೂ ಮೇಜು ಸಮ. ಕೆಟ್ಟ ಕೊಲೆಸ್ಟರಾಲ್: ವ್ಯತ್ಯಾಸವಿಲ್ಲ. ಬೆಳಗಿನ ಸಕ್ಕರೆ: ಹೇಳಿಕೊಳ್ಳುವಂಥದ್ದಿಲ್ಲ. ಆದರೆ ಬೇಗದ ಮೇಜಿನವರ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ ಐದರಷ್ಟು ಇಳಿದಿತ್ತು. ಅದೇ ಊಟವನ್ನು ನಿಭಾಯಿಸಲು ಅವರ ದೇಹಕ್ಕೆ ಮೊದಲಿಗಿಂತ ಕಡಿಮೆ ಇನ್ಸುಲಿನ್ ಸಾಕಾಗಿತ್ತು. ಒಂದು ಗ್ರಾಂ ಕಡಿಮೆ ತಿನ್ನದೆ, ಬರೀ ಹೊತ್ತು ಬದಲಿಸಿ.

"ಐದು ಅಂಕಿ ಚಿಕ್ಕದು," ಎನ್ನುತ್ತಾರೆ ವೈದ್ಯೆ. "ಎಂಟೇ ವಾರ, ಅರವತ್ನಾಲ್ಕೇ ಜನ. ಇದನ್ನ ನೋಡಿ ಯಾರೂ ಔಷಧಿ ಬಿಡಬಾರದು, ಸಕ್ಕರೆ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಉಪವಾಸಕ್ಕೇ ಹೋಗಬಾರದು. ಆದ್ರೆ ಈ ಐದು ನಿಜವಾದ ಐದು. ಅದು ನಿಜ ಅಂತ ನಾನು ಎಲ್ಲಿ ಬೇಕಾದ್ರೂ ಎದೆ ತಟ್ಟಿ ಹೇಳ್ತೀನಿ. ಕಾರಣ ಕೆಳಗಡೆ ಅಡುಗೆಮನೇಲಿದೆ."

ದರ್ಜಿಯ ಮಾತ್ರೆ ಡಬ್ಬಿ ಇನ್ನೂ ಹೊಲಿಗೆ ಯಂತ್ರದ ಪಕ್ಕದಲ್ಲೇ ಇದೆ. ಫಲಿತಾಂಶ ಕೇಳಿ ಆತ ಎರಡು ದಿನ ಮುಖ ಊದಿಸಿಕೊಂಡಿದ್ದರಂತೆ. "ನಾಲ್ಕು ವರ್ಷ ಮಾಡಿ ಐದೇ ಅಂಕಿನಾ? ನಾನೇ ಒಂದು ಗುಂಡಿ ಹೊಲಿಯೋದ್ರೊಳಗೆ ಅಷ್ಟು ಏರಿಸ್ಕೋತೀನಿ," ಎಂದು ಛೇಡಿಸಿದರು. ಈಗ ತಮ್ಮ ವೈದ್ಯರ ಒಪ್ಪಿಗೆ ಪಡೆದು, ಮಾತ್ರೆಯ ಹೊತ್ತು ಹೊಂದಿಸಿಕೊಂಡು, ರಾತ್ರಿ ಹತ್ತರ ಊಟವನ್ನು ಸಂಜೆ ಆರೂವರೆಗೆ ತಂದಿದ್ದಾರೆ. "ಎಲ್ಲರಿಗೂ ತೂಗಿ ಹಾಕ್ತೀಯ, ನಂಗೆ ಮಾತ್ರ ಕಣ್ಣಳತೆ," ಎಂದು ಆತ ಗೊಣಗುತ್ತಾರೆ. "ಮನೇಲೂ ತೂಗ್ಬೇಕಂದ್ರೆ ನಾನು ಯಾವಾಗ ರೀ ಅಡುಗೆ ಮಾಡೋದು?" ಎಂದು ಈಕೆ ಮರುನುಡಿಯುತ್ತಾರೆ.

ಅಚ್ಚಾದ ವರದಿಯನ್ನು ವೈದ್ಯೆ ತಾವೇ ಅಡುಗೆಮನೆಗೆ ತಂದು ತೋರಿಸಿದರು. ಮೊದಲ ಪುಟದಲ್ಲಿ ಒಂಬತ್ತು ಹೆಸರುಗಳಿವೆ, ಎಲ್ಲಕ್ಕೂ ಬಾಲದಲ್ಲಿ ಪದವಿಗಳು. ಕೊನೆಯ ಪುಟದ ಕೃತಜ್ಞತೆಯಲ್ಲಿ 'ಅಡುಗೆಮನೆಯ ಸಿಬ್ಬಂದಿ' ಎಂಬ ಎರಡು ಪದ. ಅದನ್ನು ನೋಡಿ ಬೇಸರವಾಗಲಿಲ್ಲವೇ ಎಂದರೆ ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪುಟ ತಿರುವಿ, ನಡುವಿನ ಒಂದು ಸಾಲಿನ ಕೆಳಗೆ ಬೆರಳಿಡುತ್ತಾರೆ. ವೈದ್ಯೆ ಅದನ್ನು ಅವರಿಗೆ ಓದಿ ಹೇಳಿದ್ದಾರೆ: ಬಡಿಸಿದ ಆಹಾರದಲ್ಲಿ ನೂರಕ್ಕೆ 99.4 ಭಾಗವನ್ನು ಸೇವಿಸಲಾಗಿದೆ.

"ಎಲ್ಲರೂ ಆ ತೊಂಬತ್ತೊಂಬತ್ತು ನೋಡಿ ಭೇಷ್ ಅಂತಾರೆ," ಎನ್ನುತ್ತಾರೆ ಅಕ್ಕ. "ನಂಗೆ ಆ ಉಳಿದ ಸೊನ್ನೆ ಪಾಯಿಂಟ್ ಆರು ಇಷ್ಟ. ಅದು ಹೊಟ್ಟೆ ತುಂಬ್ತು ಅಂತ ಹೇಳಿ, ಸಂಕೋಚ ಪಟ್ಕೊಳ್ದೆ, ನನ್ನ ಕೈಗೇ ವಾಪಸ್ ಕೊಟ್ಟಿದ್ದು."